ಡಾ. ಅನ್ನದಾನಮ್ಮನವರ ಗಾಜಿನ ಥರ್ಮಾಮೀಟರ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕುಗಳ ವೈದ್ಯರನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸ್ತ್ರೀರೋಗ ತಜ್ಞೆ ಡಾ. ಅನ್ನದಾನಮ್ಮನವರನ್ನು ಕೂರಿಸಿದರೆ ತಕ್ಕಡಿಯೇ ಮುರಿಯುತ್ತದೆಂಬುದರಲ್ಲಿ ಸಂಶಯವಿಲ್ಲ; ಅದು ಮೈತೂಕದಿಂದಲ್ಲ, ಕೀರ್ತಿಯಿಂದ ಎಂದು ಸ್ಪಷ್ಟಪಡಿಸುವುದು ಮಾತ್ರ ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಗ್ರಂಥದ ಮರ್ಯಾದೆಗೆ ಅವಶ್ಯ. ಮೂವತ್ತೆರಡು ವರ್ಷಗಳ ಸರ್ಕಾರಿ ಸೇವೆಯಲ್ಲಿ ಅವರು ಹೆರಿಗೆ ಮಾಡಿಸಿದ ಕೂಸುಗಳನ್ನು ಸಾಲಾಗಿ ನಿಲ್ಲಿಸಿದರೆ ಸಾಲಿನ ತಲೆ ಗುಡೇಕೋಟೆಯ ಗುಡ್ಡದ ಮೇಲಿರುತ್ತದೆ, ಬಾಲ ತುಂಗಭದ್ರೆಯಲ್ಲಿ ಕಾಲು ತೊಳೆಯುತ್ತಿರುತ್ತದೆ. ಆದರೂ ಅವರ ನಿಜವಾದ ಸಾಧನೆ ಬೇರೆ. ಡಾಕ್ಟರ ಮುಂದೆ ರೋಗಿಯೇ ಬಾಯಿ ಬಿಡುವಂತೆ ಮಾಡಿದವರು ಅವರು.

ನಮ್ಮ ಸೀಮೆಯ ಹೆಣ್ಣುಮಗಳು ಆಸ್ಪತ್ರೆಗೆ ಒಬ್ಬಳೇ ಬರುವುದಿಲ್ಲ. ಅತ್ತೆ, ಗಂಡ, ಭಾವ, ಪಕ್ಕದ ಮನೆಯಾಕೆ, ದಾರಿಯಲ್ಲಿ ಕೈಯೊಡ್ಡಿ ಗಾಡಿ ಹತ್ತಿದವನು ಎಲ್ಲರೂ ಬರುತ್ತಾರೆ, ಎಲ್ಲರೂ ಮಾತಾಡುತ್ತಾರೆ, ಆಕೆಯೊಬ್ಬಳನ್ನು ಬಿಟ್ಟು. ಸೇವೆಗೆ ಸೇರಿದ ಮೊದಲ ವರ್ಷ ಹೀಗೇ ಒಬ್ಬ ಭಾವ ತನ್ನ ತಮ್ಮನ ಹೆಂಡತಿಯ ಹೊಟ್ಟೆನೋವನ್ನು ಪುರಾಣ ಹೇಳಿದಂತೆ ವರ್ಣಿಸಿದ; ಹೊಸ ಡಾಕ್ಟರು ತಲೆದೂಗಿ ಹದಿನೈದು ದಿನದ ಗುಳಿಗೆ ಬರೆದರು. ಹದಿನಾರನೆಯ ದಿನ ಆಕೆ ಹೇಗೋ ತಪ್ಪಿಸಿಕೊಂಡು ಒಬ್ಬಳೇ ಬಂದಳು.

"ಹೊಟ್ಟಿ ಅಲ್ರಿ ಅಮ್ಮಾರ, ನೋಯೋದು ಹಲ್ಲು."

"ಅವತ್ತ ಯಾಕ ಹೇಳಲಿಲ್ಲವ್ವಾ?"

"ದೊಡ್ಡೋರು ಮಾತಾಡಾಕತ್ತಿದ್ರಲ್ರಿ."

ಅಂದಿನಿಂದ ಡಾ. ಅನ್ನದಾನಮ್ಮನವರ ಮೇಜಿನ ಮೇಲೆ ಸ್ಪಿರಿಟ್ಟಿನ ಬಟ್ಟಲು, ಅದರಲ್ಲೊಂದು ಗಾಜಿನ ಥರ್ಮಾಮೀಟರ್. ರೋಗಿಯ ಪರವಾಗಿ ಯಾರು ತುಟಿ ಬಿಚ್ಚಿದರೂ, "ನಿಮಗ ಜ್ವರ ಬಂದಂಗ ಕಾಣ್ತೈತಿ, ಬಾಯಿ ತೆಗೀರಿ" ಎಂದು ನಾಲಿಗೆಯಡಿ ಇಟ್ಟುಬಿಡುವರು. ನಿಮಿಷಕ್ಕೆ ಕೂಗುವ ಹೊಸ ಯಂತ್ರಗಳು ಬಂದರೂ ಅವರು ಹಳೆಯದನ್ನು ಬಿಡಲಿಲ್ಲ. ಅದನ್ನು ಎಷ್ಟು ಹೊತ್ತು ಬೇಕಾದರೂ ಇಡಬಹುದಿತ್ತಲ್ಲ. ಐದು ತಾಲೂಕುಗಳಲ್ಲಿ ಅದರ ರುಚಿ ಕಾಣದ ಅತ್ತೆಯಿದ್ದರೆ ಆಕೆಗೆ ಸೊಸೆಯೇ ಇಲ್ಲವೆಂದು ತಿಳಿಯಬೇಕು.

ಅದರ ಪೂರ್ಣ ಮಹಿಮೆ ತೆಲಿಗಿಯ ಕೊಟ್ರಬಸಮ್ಮ ಬಂದ ದಿನ ಪ್ರಕಟವಾಯಿತು. ಬಸ್ ಸ್ಟ್ಯಾಂಡಿನ ಬಳಿ ಮಂಡಕ್ಕಿ-ಮಿರ್ಚಿ ಅಂಗಡಿ ನಡೆಸುವ ಆಕೆಗೆ ವರ್ಷದಿಂದ ವಿಪರೀತ ರಕ್ತಸ್ರಾವ. ಬೇರೆಲ್ಲೋ ಯಾರೋ ಗರ್ಭಕೋಶ ತೆಗೆಸಿರೆಂದು ಚೀಟಿ ಬರೆದಿದ್ದರು. ಎಲ್ಲ ಪರೀಕ್ಷೆಗಳ ವರದಿ ನೋಡಿದ ಡಾಕ್ಟರಿಗೆ ಕಂಡದ್ದು ಒಂದು ಸಣ್ಣ ಗಂಟು, ಅಪಾಯದ್ದಲ್ಲ.

"ತಗದು ಒಗೀರಿ ಅಮ್ಮಾರ," ಅತ್ತೆ ಗೀತಮ್ಮ ಶುರುಮಾಡಿದರು. "ಎರಡು ಮಕ್ಕಳಾಗ್ಯಾವ, ಅದರ ಕೆಲಸ ಮುಗದೈತಿ."

ಗೀತಮ್ಮನವರ ಬಾಯಿಗೆ ಥರ್ಮಾಮೀಟರ್ ಬಿತ್ತು. ಗಂಡ ಶಿವಯೋಗಪ್ಪ ಅದನ್ನು ನೋಡಿ ತಾನಾಗಿಯೇ ಬಾಯಿ ಮುಚ್ಚಿಕೊಂಡ.

ಡಾಕ್ಟರು ಚೀಟಿಯ ಹಿಂಬದಿಗೆ ಚಿತ್ರ ಬರೆದು, ಕುರ್ಚಿಯನ್ನು ಕೊಟ್ರಬಸಮ್ಮನ ಪಕ್ಕಕ್ಕೇ ಎಳೆದುಕೊಂಡರು. "ಮೂರು ದಾರಿ ಅದಾವ ನೋಡವ್ವಾ. ಗುಳಿಗಿ, ಮರೀದಂಗ ನುಂಗಬೇಕು. ಕಾಪರ್-ಟಿ ಹಂಗ ಔಷಧ ಇರೋ ವಂಕಿ, ಗರ್ಭಕೋಶದ ಒಳಗ ಹಾಕ್ತೀವಿ. ಮೊದಲು ಕೆಲವು ತಿಂಗಳು ಹನಿಹನಿ ಕಾಡ್ತೈತಿ, ಆಮ್ಯಾಲ ಸ್ರಾವ ಬಾಳ ಕಮ್ಮಿ ಆಗ್ತೈತಿ. ಇಲ್ಲಾ ಆಪರೇಷನ್, ಸ್ರಾವ ಪೂರಾ ನಿಲ್ತೈತಿ, ಆದ್ರ ಒಂದೂವರೆ ತಿಂಗಳು ಭಾರ ಎತ್ತಂಗಿಲ್ಲ, ತಗದದ್ದು ತಿರುಗಿ ಬರಂಗಿಲ್ಲ."

ಕೊಟ್ರಬಸಮ್ಮ ರೂಢಿಯಂತೆ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣು ಹೊರಳಿಸಿದರೇ ಹೊರತು ಮಾತಾಡುವಂತಿರಲಿಲ್ಲ.

"ನೀವು ಹೆಂಗಂತೀರಿ ಹಂಗ್ರಿ ಅಮ್ಮಾರ."

"ನಾನು ಗುಳಿಗಿ ಅಂತೀನಿ. ಆದ್ರ ಮಿರ್ಚಿ ಕರಿಯಾಕಿ ನಾನಲ್ಲ. ನಿನ್ನ ದಿನ ಹೆಂಗ ಹೋಗ್ತೈತಿ ಹೇಳು, ನಿನಗ ಏನು ಬೇಕು ಹೇಳು."

ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ಹುಡುಕಲು ಆಕೆಗೆ ಹೊತ್ತು ಹಿಡಿಯಿತು. ಡಾಕ್ಟರು ಕಾದರು. ಹೊರಗಿನ ಸಾಲು ಅಷ್ಟರಲ್ಲಿ ಹೊಸಪೇಟೆ ಮುಟ್ಟಿತ್ತು.

"ಬಸ್ಸಿನಾಗ ಕುಂದ್ರಬೇಕ್ರಿ," ಎಂದಳು ಕೊನೆಗೆ. "ವರ್ಷಾತು, ಸೀಟು ಖಾಲಿ ಇದ್ರೂ ನಿಂತೇ ಬರ್ತೀನಿ. ಕಲೆ ಆದ್ರ ಏನ್ ಮಾಡ್ಲಿ ಅಂತ."

ಶಿವಯೋಗಪ್ಪ ನೆಲ ನೋಡಿದ. "ನಾನು, ನಿನಗ ನಿಂತ್ರ ಗಾಳಿ ಬರ್ತೈತಿ ಅಂತ ತಿಳಕೊಂಡಿದ್ನಲ್ಲ," ಎಂದ ಮೆಲ್ಲಗೆ. ಆ ಮಾತನ್ನು ತಡೆಯಲು ಡಾಕ್ಟರು ಥರ್ಮಾಮೀಟರ್ ಹುಡುಕಲಿಲ್ಲ.

"ಗುಳಿಗಿ ಬ್ಯಾಡ್ರಿ," ಕೊಟ್ರಬಸಮ್ಮನಿಗೆ ಈಗ ದಾರಿ ಸಿಕ್ಕಿತ್ತು. "ಎಣ್ಣಿ ಕಾದಾಗ ನನ್ನ ಹೆಸರೇ ಮರೀತೀನಿ. ಅಂಗಡಿ ಮುಚ್ಚಾಕ ಮನಸಿಲ್ಲ. ವಂಕಿ ಹಾಕ್ರಿ. ಸರಿ ಹೋಗಲಿಲ್ಲಂದ್ರ?"

"ತಗದು ಮತ್ತ ಕುಂತು ಮಾತಾಡೋಣ."

ನಾಲ್ಕು ತಿಂಗಳು ಆಕೆ ಗೊಣಗಿದಳು, ಡಾಕ್ಟರು ಗೊಣಗಾಟವನ್ನೂ ಬರೆದುಕೊಂಡರು. ಐದನೆಯ ತಿಂಗಳು ತೆಲಿಗಿಯಿಂದ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಬಂದವಳು ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯಲೇ ಇಲ್ಲ. ಸುಮ್ಮನೆ ದಾವಣಗೆರೆಯವರೆಗೆ ಕುಳಿತೇ ಹೋಗಿ ಕುಳಿತೇ ಬಂದಳು.

ಮೊನ್ನೆ ಈ ಗ್ರಂಥದ ಸಮಿತಿ ಸೇರಿದಾಗ ಸನ್ಮಾನಿತರು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅಧ್ಯಕ್ಷ ಗುರುಬಸವರಾಜರು ಅವರ ನಿವೃತ್ತಿಯ ಬದುಕನ್ನು ಐದೂ ತಾಲೂಕುಗಳಿಗೆ ಹಂಚತೊಡಗಿದರು: ಸೋಮವಾರ ಕೊಟ್ಟೂರು, ಮಂಗಳವಾರ ಕೂಡ್ಲಿಗಿ, ಬುಧವಾರ ಹಡಗಲಿ. ಗುರುವಾರ ಬರುವಷ್ಟರಲ್ಲಿ, ಮಂಡಕ್ಕಿ ತಂದಿದ್ದ ಕೊಟ್ರಬಸಮ್ಮ ಡಾಕ್ಟರ ಚೀಲದಿಂದ ಥರ್ಮಾಮೀಟರ್ ತೆಗೆದು ತೊಳೆದು ಅಧ್ಯಕ್ಷರ ಎದುರು ಹಿಡಿದಿದ್ದಳು.

"ಬಾಯಿ ತೆಗೀರಿ ಅಣ್ಣಾರ." ಆಮೇಲೆ ತಿರುಗಿ, "ಅಮ್ಮಾರ, ನಿಮಗ ಏನು ಬೇಕ್ರಿ?"

ಲಕ್ಷ ಸಲ ಆ ಪ್ರಶ್ನೆ ಕೇಳಿದವರಿಗೂ ಉತ್ತರಕ್ಕೆ ಹೊತ್ತು ಹಿಡಿಯಿತು. ಈ ಸಲ ಎಲ್ಲರೂ ಕಾದರು.

"ವಾರಕ್ಕ ಎರಡು ದಿನ ರೋಗಿ ನೋಡ್ತೀನಿ. ಒಂದಿನ ಹೊಳಲಿಗೆ ಹೋಗ್ತೀನಿ. ಅಲ್ಲಿ ಗುಡಿಯಾಗ ಅನಂತಶಯನ ಸ್ವಾಮಿ ಅಷ್ಟು ವರ್ಷದಿಂದ ಮಲಗ್ಯಾನ, ಯಾರೂ ಎಬ್ಬಿಸಿಲ್ಲ. ಅವನ ಊರಾಗ ನಾನೂ ಒಂದು ನಿದ್ದಿ ಮಾಡಬೇಕು. ಉಳಿದದ್ದು ಇನ್ನೂ ವಿಚಾರ ಮಾಡಿಲ್ಲ."

ಹಾಗೆಯೇ ಆಗಲಿ. ನೂರಿಪ್ಪತ್ತು ವರ್ಷ ಬಾಳಲೆಂದು ಹರಸಿ ಈ ಲೇಖನ ಮುಗಿಸಬೇಕೆಂಬುದು ಸಮಿತಿಯ ನಿರ್ಣಯವಾಗಿತ್ತು. ಆದರೆ ಅವರನ್ನು ಕೇಳದೆ ಹರಸುವ ಧೈರ್ಯ ಈ ಐದು ತಾಲೂಕುಗಳಲ್ಲಿ ಇನ್ನು ಯಾರಿಗಿದೆ? ಕೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದ್ದಿಷ್ಟು: "ಸದ್ಯ ತೊಂಬತ್ತು ಬರಕೋರಿ. ಮೊಣಕಾಲು ಚಲೋ ಇದ್ರ, ಮತ್ತ ಕುಂತು ಮಾತಾಡೋಣ."