ಟವೆಲ್ಲಿನ ಕೆಳಗಿನ ಕೈ

ಬೈಲಹೊಂಗಲದ ದನದ ಸಂತೆಯಲ್ಲಿ ಬುರಾನಸಾಬ ಎಂದರೆ ಮಾತಿಗೆ ತಪ್ಪದ ದಲ್ಲಾಳಿ. ಎತ್ತಿನ ಬಾಯಿ ತೆರೆದು ಹಲ್ಲು ನೋಡುವನು, ನಾಲ್ಕು ಹೆಜ್ಜೆ ನಡೆಸಿ ನೋಡುವನು, ಆಮೇಲೆ ಹೆಗಲ ಮೇಲಿನ ಟವೆಲ್ ಇಳಿಸುವನು. ಅದರ ಕೆಳಗೆ ಮಾರುವವನ ಬೆರಳು ಹಿಡಿದು ಒಂದು ಮಾತು, ಕೊಳ್ಳುವವನ ಬೆರಳು ಹಿಡಿದು ಇನ್ನೊಂದು ಮಾತು. ದರವೆಲ್ಲ ಬೆರಳಲ್ಲೇ, ಬಾಯಿ ಪಿಟಕ್ ಅನ್ನುವಂತಿಲ್ಲ. ಐದೂ ಬೆರಳು ಒಟ್ಟಿಗೆ ಅದುಮಿದರೆ ಮುಗಿಯಿತು, ವ್ಯಾಪಾರ ಪಕ್ಕಾ. ಯಾರಾದರೂ ಪಾವತಿ ಚೀಟಿ ಕೇಳಿದರೋ, "ನಂಬಿಗಿ ಇಲ್ಲಂದ್ರ ಎತ್ತ ಯಾಕ ಕೊಳ್ತೀಯೋ? ಕೋಳಿ ಕೊಳ್ಳಲಿಕ್ಕ ಹೋಗು!" ಎಂದು ಬೈಯುವನು. ಸಂತೆಗೆ ಸಂತೆಯೇ ನಗುತ್ತಿತ್ತು. ಆ ನಗೆಯೇ ಈಗ ಅವನ ಬೆನ್ನು ಹತ್ತಿದೆ.

ಈ ಮುಂಗಾರಿಗೆ ಚಚಡಿ ಊರಿನ ರೈತ ಶಂಕರೆಪ್ಪ ಅವನ ಕೈಯಿಂದಲೇ ಒಂದು ಜೋಡಿ ಎತ್ತು ಕೊಂಡ. ನಡೆಸಿಕೊಂಡು ಹೋದರೆ ಬಿತ್ತಿಗೆಗೆ ಮುಂಚೆಯೇ ದಣಿದಾವೆಂದು ಬುರಾನಸಾಬ ಮಗ ನಾಸಿರನ ಟೆಂಪೋದಲ್ಲಿ ಹತ್ತಿಸಿ ಕಳಿಸಿದ. ದಾರಿಯಲ್ಲಿ ಹುಡುಗರ ಗುಂಪೊಂದು ಅಡ್ಡಗಟ್ಟಿತು, ಹಿಂದೆಯೇ ಪೊಲೀಸರು ಬಂದರು. ಕಾಗದ ಎಲ್ಲಿ ಎಂದರು. ನಾಸಿರನ ಹತ್ತಿರ ಏನಿತ್ತು, ಮಣ್ಣು! ದನ ಕಡಿಯುವುದನ್ನು ತಡೆಯುವ ಬಿಗಿ ಕಾಯ್ದೆಯ ಕೇಸು ಬಿತ್ತು. ಎತ್ತು ಗೋಶಾಲೆಗೆ, ಟೆಂಪೋ ಠಾಣೆಯ ಅಂಗಳಕ್ಕೆ, ನಾಸಿರ ಜೈಲಿಗೆ. ಅಲ್ಲ, ಗಳೆ ಹೂಡಿದ ಎತ್ತಿನ ಹೆಗಲ ಮೇಲೆ ನೊಗ ತಿಕ್ಕಿದ ಗಂಟು ಇರುತ್ತದಲ್ಲ, ಅದನ್ನಾದರೂ ಒಬ್ಬರು ಮುಟ್ಟಿ ನೋಡಬಾರದೇ? ಡ್ರೈವರನ ಹೆಸರು ಕೇಳಿದರು, ಅಷ್ಟಕ್ಕೇ ಅವರಿಗೆ ಎಲ್ಲ ತಿಳಿದುಹೋಯಿತು.

ಅಂದಿನಿಂದ ಬುರಾನಸಾಬನ ಕಿವಿಯಲ್ಲಿ ಆ ಎತ್ತುಗಳ ಕೊರಳ ಗಂಟೆ. ಚಹಾ ಕುಡಿಯುವಾಗಲೂ ಅದೇ, ನಮಾಜಿಗೆ ಬಾಗಿದಾಗಲೂ ಅದೇ. ಊಟಕ್ಕೆ ಕುಳಿತರೆ ಬಲಗೈ ತಾನೇ ತಾನಾಗಿ ಟವೆಲ್ಲಿನ ಕೆಳಗೆ ಸೇರಿ ಬೆರಳು ಆಡಿಸತೊಡಗುತ್ತದೆ.

"ಯಾರ ಕೈ ಹಿಡೀಲಿಕ್ಕ ಹತ್ತೀರಿ? ನನಗ ಹೆದರಿಕಿ ಆಗತೈತ್ರಿ," ಎಂದಳು ಹೆಂಡತಿ ಜೈಬುನ್ನಿಸಾ.

"ನಾಕ ಅಕ್ಷರ ಬರಸಿದ್ರ ಹುಡುಗ ಮನ್ಯಾಗ ಇರತಿದ್ದ," ಎಂದ ಅವನು.

ವಕೀಲೆ ಶೈಲಜಾ ಒಂದೇ ದಾರಿ ಹೇಳಿದ್ದರು. "ಎತ್ತು ನನ್ನವು, ಹೊಲಕ್ಕಂತ ಕೊಂಡೇನಿ ಅಂತ ಶಂಕರೆಪ್ಪನವರು ಜಡ್ಜ್ ಮುಂದ ಹೇಳಬೇಕ್ರಿ. ಅಂದ್ರ ಜಾಮೀನು ಸಿಕ್ಕೀತು."

ಬುರಾನಸಾಬ ಚಚಡಿಗೆ ಓಡಿದ. ಶಂಕರೆಪ್ಪ ಕೆಟ್ಟವನಲ್ಲ, ನಾಸಿರನನ್ನು ತೊಡೆಯ ಮೇಲೆ ಆಡಿಸಿದವನು. "ಬರತೇನಿ ಸಾಬರ. ನಮ್ಮ ಹುಡುಗ ಅಲ್ಲೇನ್ರಿ ಅಂವ?" ಎಂದ.

ಬಂದನೂ ಹೌದು. ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಎದುರಿಗೆ ಪೊಲೀಸ್ ವ್ಯಾನಿನ ಜಾಲರಿಯ ಹಿಂದೆ ನಾಸಿರ ಗಡ್ಡ ಬೆಳೆದು ಗುರುತು ಸಿಗದಂತಾಗಿದ್ದ. ಶಂಕರೆಪ್ಪನ ಕೈ ಮೆಲ್ಲಗೆ ಟವೆಲ್ಲಿನ ಕೆಳಗೆ ಬಂದು ಬುರಾನಸಾಬನ ಐದೂ ಬೆರಳು ಹಿಡಿದು ಅದುಮಿತು. ಪಕ್ಕಾ! ಮುದುಕನಿಗೆ ಹೋದ ಜೀವ ಬಂದಂತಾಯಿತು.

ಒಳಗೆ ಹೆಸರು ಕೂಗಿದರು. ಎತ್ತು ನಿಮ್ಮವೇ ಎಂದು ಜಡ್ಜ್ ಕೇಳಿದರು. ಶಂಕರೆಪ್ಪ ಬಾಗಿಲಲ್ಲಿದ್ದ ಪೊಲೀಸನತ್ತ ಒಮ್ಮೆ ನೋಡಿದ.

"ನನಗ ಗೊತ್ತಿಲ್ರಿ ಸಾಹೇಬ್ರ. ನಾ ಯಾವ ಎತ್ತೂ ಕೊಂಡಿಲ್ಲ."

ಜಾಮೀನು ಸಿಗಲಿಲ್ಲ. ಹೊರಗೆ ಬಂದವನೇ ಶಂಕರೆಪ್ಪ ಅಳತೊಡಗಿದ. "ಕೊಂಡವರನ್ನೂ ಒಳಗ ಹಾಕತಾರಂತ ಸಾಬರ. ನನ್ನ ಮನಿ ಹಾಳಾಗತೈತಿ. ಮಾಫ್ ಮಾಡ್ರಿ." ಅವನ ಕೈ ಮತ್ತೆ ಟವೆಲ್ಲಿನ ಕೆಳಗೆ ತಡಕಾಡಿತು.

ಬುರಾನಸಾಬ ಟವೆಲ್ ಕೊಡವಿ ಹೆಗಲಿಗೆ ಎಸೆದುಕೊಂಡ. ವಕೀಲರು, ಪೊಲೀಸರು, ತಾರೀಖಿಗೆ ಬಂದ ಜನರ ನಡುವೆ ಬರಿಗೈ ಮುಂದೆ ಚಾಚಿದ.

"ಈಗ ಹಿಡೀರಿ ಅಣ್ಣಾ. ಎಲ್ಲಾರ ಮುಂದ ಹಿಡೀರಿ."

ಶಂಕರೆಪ್ಪ ಸುತ್ತ ನೋಡಿದ. ಕೈಯನ್ನು ಅಂಗಿಯ ಜೇಬಿಗೆ ಸೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ. ಚಾಚಿದ ಕೈ ಹಾಗೇ ಉಳಿಯಿತು. ವ್ಯಾನಿನೊಳಗೆ ನಾಸಿರ, ಅಪ್ಪ ತನ್ನನ್ನೇ ಕರೆಯುತ್ತಿದ್ದಾನೆಂದು ತಿಳಿದು, ಜಾಲರಿಯ ಕಿಂಡಿಗಳಿಂದ ಬೆರಳುಗಳನ್ನು ಹೊರಗೆ ಚಾಚಿದ.