ಸೂರ್ಯನಿಗೆ ಮುಖ, ಸಮುದ್ರಕ್ಕೆ ಬೆನ್ನು

ನಾನು ಚಿಕ್ಕವಳಿದ್ದಾಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಬೇಸಿಗೆ ರಜೆ ಬಂತೆಂದರೆ ಕಮತಗಿಯ ಸೋದರಮಾವನ ಮನೆ, ಅಲ್ಲಿಯ ಬಾವಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಅಷ್ಟಕ್ಕೇ ಮುಗಿಯುತ್ತಿತ್ತು. ಆ ವರ್ಷ ಮಾತ್ರ ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಮೇಲೆದ್ದವನೇ, "ಈ ಸಲ ಗೋಕರ್ಣಕ್ಕ ಹೋಗೂಣು. ಸಮುದ್ರ ನೋಡೂಣು" ಎಂದುಬಿಟ್ಟ.

ಸುದ್ದಿ ಓಣಿಯ ತುಂಬ ಹಬ್ಬಿತು. ಸಮುದ್ರ ಕಾಣದವರೆಲ್ಲ ಸಲಹೆ ಕೊಡಲು ಬಂದರು. ಒಬ್ಬರು ಮೂಗಿಗೆ ಕರ್ಪೂರ ಹಿಡಿದುಕೊಳ್ಳಿ ಎಂದರು. ಇನ್ನೊಬ್ಬರು, "ಉಪ್ಪು ಕಟ್ಟಿಕೊಂಡು ಹೋಗಬ್ಯಾಡ್ರಿ, ಅಲ್ಲೇ ಒಂದು ಚರಗಿ ನೀರು ಕುದಿಸಿಬಿಡ್ರಿ" ಎಂದು ನಕ್ಕರು. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ, ತಾನೂ ಹೊರಟಳು. "ನೀರು ಅಂದ್ರ ನೀರು. ಕೃಷ್ಣಾ ಹೊಳ್ಯಾಗ ಮುಳುಗಿ ಎದ್ದಾಕಿ ನಾ. ಸಮುದ್ರ ನನಗೇನ ಮಾಡ್ತೈತಿ?" ಎನ್ನುವುದು ಅವಳ ವಾದ.

ಅವ್ವ ಹೊಸ ಸೀರೆ ಉಟ್ಟಳು. ನಮ್ಮ ಮನೆಯಲ್ಲೇ ನೇಯ್ದ ಸೀರೆ. ಇಳಕಲ್ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಯೊಳಗೆ ಸಿಕ್ಕಿಸಿ, ಎಳೆ ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಅದು ಹೆಂಗಸರ ಕೆಲಸ. ಆ ಸೀರೆಯ ಕೊಂಡಿಯನ್ನು ಅವ್ವನೇ ಮನೆ ಮುಂದಿನ ಕಟ್ಟೆಗೆ ಬೆನ್ನು ಕೊಟ್ಟು ಕೂತು ಹಾಕಿದ್ದಳು.

ಬಸ್ಸು ಅಮೀನಗಡದಲ್ಲಿ ನಿಂತಾಗ ಕರದಂಟು ಕೊಂಡೆವು. ಬೆಲ್ಲ ಮತ್ತು ಅಂಟಿನ ಆ ಪರಿಮಳ ಹುಬ್ಬಳ್ಳಿಯವರೆಗೂ ನನ್ನ ಬೆರಳಿಗೆ ಹತ್ತಿಕೊಂಡೇ ಇತ್ತು. ಘಟ್ಟ ಇಳಿಯುವಾಗ ಗಾಳಿ ಅಂಟಂಟಾಯಿತು. ಮೀನಿನ ವಾಸನೆಗೆ ಅತ್ತಿ ಸೆರಗು ಮೂಗಿಗೆ ಒತ್ತಿಕೊಂಡಳು.

ಮರುದಿನ ಬೆಳಗಿನಲ್ಲೇ ಕಡಲ ದಂಡೆಗೆ ಹೋದೆವು. ನಾನು ಸುಮ್ಮನೆ ನಿಂತುಬಿಟ್ಟೆ. ನಮ್ಮ ಹೊಳೆಗಳಿಗೆ ಆಚೆ ದಡ ಇರುತ್ತದೆ. ಇದಕ್ಕೆ ಇರಲಿಲ್ಲ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿರಿ, ಮೊಮ್ಮಕ್ಕಳೇ. ಕೂಡಲಸಂಗಮದಲ್ಲಿ ನಾವು ನೀರಿಗಿಳಿದರೆ ಮುಳುಗಿ ಎದ್ದು, ಮೂಡಣಕ್ಕೆ ತಿರುಗಿ, ಕಣ್ಣು ಮುಚ್ಚಿ ಸೂರ್ಯನಿಗೆ ಕೈ ಮುಗಿಯುತ್ತಿದ್ದೆವು. ಅವ್ವ ಇಲ್ಲಿಯೂ ಹಾಗೇ ಮಾಡಿದಳು. ಮೊಣಕಾಲು ಮಟ್ಟದ ನೀರಿನಲ್ಲಿ ಮುಳುಗಿ ಎದ್ದು, ಸೂರ್ಯನ ಕಡೆ ತಿರುಗಿದಳು. ಅಲ್ಲಿ ಸೂರ್ಯ ಹುಟ್ಟುವುದು ಊರಿನ ಕಡೆ, ತೆಂಗಿನ ಮರಗಳ ಹಿಂದೆ. ಅವ್ವನ ಬೆನ್ನು ಸಮುದ್ರಕ್ಕಾಯಿತು.

ನಾನು ಎಲ್ಲರ ಚಪ್ಪಲಿ ಹಿಡಿದು ದಂಡೆಯ ಮೇಲೆ ನಿಂತಿದ್ದೆ. ನನಗೆ ಅವ್ವನ ಮುಖ ಕಾಣುತ್ತಿತ್ತು. ಅವಳ ಬೆನ್ನ ಹಿಂದೆ ಎದ್ದು ಬರುತ್ತಿದ್ದುದೂ ಕಾಣುತ್ತಿತ್ತು. "ಯವ್ವಾ!" ಎಂದು ಚೀರಿದೆ. ಆ ಭೋರ್ಗರೆತದಲ್ಲಿ ಅವಳಿಗೆ ಕೇಳಲಿಲ್ಲ. ಅವಳ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಲೇ ಇತ್ತು. ಆಮೇಲೆ ಅಲ್ಲಿ ಅವ್ವ ಇರಲಿಲ್ಲ, ಬರೀ ಬಿಳಿ ನೊರೆ ಇತ್ತು.

ಮುಂದೆ ನಾನು ಕಾಲೇಜು ಓದಿದೆ. ಅಲೆ ಹೇಗೆ ಏಳುತ್ತದೆ, ಮರಳುವ ನೀರು ಕಾಲಡಿಯ ಮರಳನ್ನು ಹೇಗೆ ಕೀಳುತ್ತದೆ ಎಂಬುದನ್ನೆಲ್ಲ ತಿಳಿದುಕೊಂಡೆ. ಆದರೆ ನಳದ ನೀರು ಒಮ್ಮೆಲೇ ಜೋರಾಗಿ ಬಿದ್ದರೆ ಇವತ್ತಿಗೂ ನಾನು ತಟ್ಟನೆ ಹಿಂತಿರುಗಿ ನೋಡುತ್ತೇನೆ. ಆ ಮುಚ್ಚಿದ ಕಣ್ಣು, ಅಲುಗುವ ತುಟಿ ಮತ್ತೆ ಮತ್ತೆ ಎದುರಿಗೆ ಬರುತ್ತವೆ.

ಅವತ್ತು ನೊರೆ ಹಿಂದೆ ಸರಿಯುವಾಗ ನೀರಿನ ಮೇಲೆ ಕೆಂಪು ಸೆರಗು ತೇಲಿತು. ಹತ್ತಿರವೇ ನೀರಿಗಿಳಿದಿದ್ದ ನನ್ನ ಅಕ್ಕ ಅದರ ಮೇಲೆ ಬಿದ್ದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಓಡಿ ಹೋಗಿ ಅಕ್ಕನ ಸೊಂಟ ಹಿಡಿದ. ಒಡಲೂ ಸೆರಗೂ ಕೂಡಿದ ಕಡೆಯೇ ಸೀರೆ ಬಿಗಿದು ಹಗ್ಗದಂತಾಯಿತು. "ಕೊಂಡಿ ಬಿಟ್ಟೀತು!" ಎಂದು ಅಪ್ಪ ಕೂಗಿದ. ಕೊಂಡಿ ಬಿಡಲಿಲ್ಲ. ಮುಂದಿನ ಅಲೆ ಅವ್ವನನ್ನು ಇತ್ತ ನೂಕಿತು, ಅಪ್ಪ ರಟ್ಟೆ ಹಿಡಿದು ದಂಡೆಗೆ ಎಳೆದುಕೊಂಡ.

ಅವ್ವ ಉಪ್ಪುನೀರು ಕಾರಿದಳು, ಕೆಮ್ಮಿದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಉಸಿರು ಬಂದ ಕೂಡಲೇ ಸೆರಗನ್ನು ಕೈಯಲ್ಲಿ ಸವರಿ ನೋಡಿ, "ಯಾರು ಹಾಕಿದ ಕೊಂಡಿ ಇದು, ಬಿಡ್ತೈತೇನು?" ಎಂದಳು. ಅಪ್ಪ ನಗುತ್ತಲೇ ಅತ್ತ. ಅಪ್ಪ ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅತ್ತಿಗೆ ಮಾತ್ರ ನಗು ಬರಲಿಲ್ಲ. "ಈಗಿಂದೀಗ ಬಸ್ ಹತ್ತೂಣು. ಇನ್ನ ಈ ಮನಿ ಹೆಣ್ಮಕ್ಕಳು ಯಾರೂ ನೀರಿನ ಸನೇಕ ಹೋಗೂದು ಬ್ಯಾಡ. ಹೊಳೀಗೂ ಬ್ಯಾಡ" ಎಂದು ಅಪ್ಪಣೆ ಮಾಡಿದಳು. ಅಪ್ಪನೂ ತಲೆಯಾಡಿಸಿದ. ಅತ್ತಿ ಒಮ್ಮೆ ಬೇಡವೆಂದರೆ ನಮ್ಮ ಮನೆಯಲ್ಲಿ ಅದು ಜನ್ಮಕ್ಕೂ ಬೇಡ.

ಅವ್ವ ಒದ್ದೆ ಕೂದಲು ಹಿಂಡುತ್ತ ಹೇಳಿದಳು: "ತಪ್ಪು ನೀರಿಂದಲ್ಲ, ನಾ ನಿಂತದ್ದು ತಪ್ಪು. ಸಂಜೀಕ ಸೂರ್ಯ ಆ ಕಡೆ ಬರ್ತಾನ, ಸಮುದ್ರದ ಮ್ಯಾಲೆ. ಆಗ ಇಬ್ಬರನ್ನೂ ಎದರಾ ಎದರ ನೋಡಿ ಕೈ ಮುಗೀತೇನಿ. ಆಮ್ಯಾಲೆ ಊರು."

"ಹುಚ್ಚು ಹಿಡದೈತೇನ ನಿನಗ?" ಎಂದಳು ಅತ್ತಿ.

"ಹಿಡದೈತ್ರಿ. ಬರೂದಿದ್ರ ನೀವೂ ಬರ್ರಿ."

ಸಂಜೆ ಅವ್ವ ಹೋದಳು. ಅಪ್ಪ ಒಂದು ಕೈ, ಅಕ್ಕ ಒಂದು ಕೈ ಹಿಡಿದಿದ್ದರು. ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು, ಆಮೇಲೆ ಇಬ್ಬರ ಕೈಯನ್ನೂ ಮೆಲ್ಲಗೆ ಬಿಡಿಸಿಕೊಂಡು ಕೈ ಮುಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಲೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದಳು, ಅದು ಹೋದ ಮೇಲೆ ಮತ್ತೆ ಮುಂದೆ ಬಂದಳು. ಸ್ವಲ್ಪ ಹೊತ್ತಿಗೆ ಅತ್ತಿಯೂ ಗೊಣಗುತ್ತ ಬಂದು ಅವಳ ಪಕ್ಕ ನಿಂತಳು.

ಈಗ ನಿಮ್ಮ ಕಾಲ. ನೀವು ಬಾಗಲಕೋಟೆಯ ಮನೆಯಲ್ಲಿ ಕೂತು, ಯಾವ ದಂಡೆ ಚಂದ, ಎಲ್ಲಿ ರೂಮು, ಅಲೆ ಯಾವಾಗ ಏರುತ್ತದೆ ಎಂದೆಲ್ಲ ಫೋನಿನಲ್ಲಿ ನೋಡುತ್ತೀರಿ. ದಂಡೆಯಲ್ಲಿ ಸೀಟಿ ಊದುವ ಕಾವಲುಗಾರರು, ಕೆಂಪು ಬಾವುಟ ಎಲ್ಲ ಇವೆ. ನಮಗೆ ಇವು ಯಾವುವೂ ಇರಲಿಲ್ಲ. ಆದರೆ ಅದೇ ಫೋನು ಎತ್ತಿ ಹಿಡಿದು, ಹಲ್ಲು ಕಿರಿದು, ಸಮುದ್ರಕ್ಕೆ ಬೆನ್ನು ಕೊಟ್ಟು ನಿಲ್ಲುವವರೂ ನೀವೇ. ನನ್ನ ಅವ್ವ ದೇವರ ಸಲುವಾಗಿ ತಿರುಗಿದ್ದಳು. ನೀವು ನಿಮ್ಮ ಮುಖದ ಸಲುವಾಗಿ ತಿರುಗುತ್ತೀರಿ. ಅಲೆಗೆ ಅದೆಲ್ಲ ಗೊತ್ತಾಗುವುದಿಲ್ಲ.

ಪೇಪರಿನಲ್ಲಿ ಯಾರೋ ಸಮುದ್ರದಲ್ಲಿ ಮುಳುಗಿದ ಸುದ್ದಿ ಓದಿ ನಿಮ್ಮಪ್ಪ, "ಸಮುದ್ರ ಬ್ಯಾಡ, ಈಜುಕೊಳದ ಹೋಟೆಲಿಗೆ ಹೋಗೂಣು" ಎನ್ನುತ್ತಿದ್ದಾನೆ. ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ. ನನ್ನ ಹೆದರಿಕೆ ಅವನದಕ್ಕಿಂತ ಹಳೆಯದು. ಆದರೂ ನಾನು ಒಪ್ಪುವುದಿಲ್ಲ. ಕಾವಲುಗಾರರು ಇರುವ ಕಡೆಗೇ ಹೋಗೋಣ, ಬಾವುಟ ನೋಡಿ ಇಳಿಯೋಣ, ಮೊಣಕಾಲು ದಾಟುವುದು ಬೇಡ, ಆದರೆ ಹೋಗೋಣ. ನಿಮ್ಮೆಲ್ಲರ ಫೋಟೋ ನಾನೇ ತೆಗೆಯುತ್ತೇನೆ. ನಿಮ್ಮ ಮುಖ ಬರುವುದಿಲ್ಲ, ಬೆನ್ನು ಬರುತ್ತದೆ. ಬೇಕಾದರೆ ಸಿಟ್ಟು ಮಾಡಿಕೊಳ್ಳಿರಿ.