ಮೇಲಿನ ಓಣಿಯ ಹನ್ನೆರಡು ನಿಮಿಷ

ಊರಿಗೆ ನೀರು ಬಿಡುವವನನ್ನು ಎಲ್ಲರೂ ಕೀಲಿಯಣ್ಣ ಎನ್ನುತ್ತಿದ್ದರು. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ರಸ್ತೆಯ ಗುಂಡಿಗೆ ಇಳಿಸಿ ವಾಲ್ವ್ ತಿರುಗಿಸುತ್ತಲೇ ಇಪ್ಪತ್ತೆರಡು ವರ್ಷ ಸವೆಸಿದ್ದ. ಕೋಪ ಮೂಗಿನ ತುದಿಯಲ್ಲೇ. ಯಾರ ಮನೆಯ ನಲ್ಲಿ ಸುಮ್ಮನೆ ಸುರಿಯುತ್ತಿದ್ದರೂ ಒಳಗೆ ನುಗ್ಗಿ ತಾನೇ ನಿಲ್ಲಿಸಿ, ಅವರ ಏಳು ತಲೆಮಾರನ್ನು ಜಾಲಾಡಿ ಬರುತ್ತಿದ್ದ. ಆ ಬಾಯಿಗೆ ಹೆದರಿಯೇ ಮೇಲಿನ ಓಣಿಯ ಮೂವತ್ತು ಮನೆಯವರು ಒಂದು ಶಿಸ್ತು ಕಲಿತಿದ್ದರು. ಎರಡು ಡ್ರಮ್ ತುಂಬಿದ ಕೂಡಲೇ ನಲ್ಲಿ ನಿಲ್ಲಿಸಬೇಕು, ಮುಂದಿನ ಮನೆಗೆ ನೀರು ಏರಬೇಕು. ಏರಿನ ತುದಿಯಲ್ಲಿರುವ ಕೊನೆಯ ಮನೆ ಅವನ ಅಕ್ಕನದು. ಭಾವನಿಗೆ ಲಕ್ವ ಹೊಡೆದು ಎರಡು ವರ್ಷ. ದಿನಕ್ಕೆ ಮೂರು ಸಲ ಹಾಸಿಗೆಯ ಬಟ್ಟೆ ಒಗೆಯಬೇಕು.

ಈಗ ಕೀಲಿಗೆ ಕೆಲಸವಿಲ್ಲ. ವಾಲ್ವಿಗೆ ಮೋಟಾರು ಬಂತು, ಓಣಿಗೊಂದು ಮೀಟರು ಬಂತು. ಯಾರಿಗೆ ಎಷ್ಟು ನಿಮಿಷ ಎಂದು ಆಫೀಸಿನ ಕಂಪ್ಯೂಟರೇ ತೀರ್ಮಾನ ಮಾಡುತ್ತದೆ. ಇವನ ಕೈಗೊಂದು ಮೊಬೈಲು ಕೊಟ್ಟು, ನೋಡುತ್ತಿರು, ಏನನ್ನೂ ಮುಟ್ಟಬೇಡ ಎಂದರು. ಕೂತು ಅಭ್ಯಾಸವಿಲ್ಲದ ಮನುಷ್ಯ ಕಾಲು ಸುಟ್ಟ ಬೆಕ್ಕಿನ ಹಾಗೆ ಓಣಿ ಓಣಿ ಸುತ್ತತೊಡಗಿದ.

ಮೂರೇ ವಾರದಲ್ಲಿ ಮೇಲಿನ ಓಣಿಯ ನಲವತ್ತು ನಿಮಿಷ ಇಪ್ಪತ್ತಕ್ಕಿಳಿಯಿತು, ಆಮೇಲೆ ಹನ್ನೆರಡಕ್ಕೆ.

"ನಿನ್ನ ಮೊಬೈಲಿಗೆ ನಮ್ಮ ಮೇಲೇನೋ ಹಗೆ?" ಅಕ್ಕ ಕೇಳಿದಳು. "ಬಟ್ಟೆ ನೆನೆಸಿಟ್ಟು ಎರಡು ದಿನ ಆಯ್ತು. ನಿಮ್ಮ ಭಾವನ ಬೆನ್ನಲ್ಲಿ ಹುಣ್ಣೆದ್ದಿದೆ. ಅದನ್ನೂ ನಿನ್ನ ಮೊಬೈಲಿಗೆ ತೋರಿಸ್ಲಾ?"

ಕೀಲಿಯಣ್ಣ ಆಫೀಸಿಗೆ ಹೋಗಿ ಕಂಪ್ಯೂಟರಿನ ಮೇಡಂ ಎದುರು ನಿಂತ.

"ಹೋದ ವಾರ ನೀವೆಷ್ಟು ಬಳಸಿದ್ರೋ ಅದನ್ನ ನೋಡಿ ಈ ವಾರದ್ದು ಕೊಡುತ್ತೆ ಅಣ್ಣ. ಕಮ್ಮಿ ಬಳಸೋರಿಗೆ ಕಮ್ಮಿ ಸಾಕು ಅನ್ಕೊಳ್ಳುತ್ತೆ. ಕೆಳಗಿನ ಬಡಾವಣೆಯವರು ಎಷ್ಟು ಬಿಟ್ರೂ ಖಾಲಿ ಮಾಡ್ತಾರೆ."

"ಅವರು ಕಾರು ತೊಳೀತಾರೆ ಮೇಡಂ. ಮಿಕ್ಕಿದ್ರೆ ರಸ್ತೆಗೂ ಸ್ನಾನ ಮಾಡಿಸ್ತಾರೆ."

"ಯಾಕೆ ಬಳಸಿದ್ರು ಅಂತ ಮೀಟರಿಗೆ ಗೊತ್ತಾಗಲ್ವಲ್ಲ. ಅರ್ಜಿ ಕೊಡಿ, ಮೇಲಿನವರಿಗೆ ಕಳಿಸ್ತೀನಿ. ಒಂದೆರಡು ತಿಂಗಳಾಗುತ್ತೆ."

ಎರಡು ತಿಂಗಳು ಹುಣ್ಣು ಕಾಯುತ್ತದೆಯೇ? ಅವನ ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಿಗ್ಗೆ ಓಣಿಯ ಬಾಗಿಲು ಬಾಗಿಲು ಬಡಿದ. "ನಲ್ಲಿ ಪೂರ್ತಿ ತೆಗೀರಿ. ತುಂಬಿದ ಮೇಲೂ ಹರೀಲಿ. ಯಾರೂ ನಿಲ್ಲಿಸಬೇಡಿ."

ಮೊದಲ ಮನೆಯ ದರ್ಜಿ ನಕ್ಕ. "ಹೋದ ವರ್ಷ ಒಂದು ಲೋಟ ಚೆಲ್ಲಿದ್ದಕ್ಕೆ ನನ್ನ ಮಾನ ಕಳೆದಿದ್ದೆ. ಈಗ ಜ್ವರ ಏನಾದ್ರೂ ಬಂದಿದ್ಯಾ?"

"ಈಗ ಚೆಲ್ಲದಿದ್ರೆ ಮಾನ ಕಳೀತೀನಿ. ತೆಗಿ."

ಮೂವತ್ತು ನಲ್ಲಿಗಳೂ ಒಟ್ಟಿಗೆ ತೆರೆದುಕೊಂಡವು. ಓಣಿಯ ಕೆಳತುದಿಯ ಮನೆಗಳ ಡ್ರಮ್ ತುಂಬಿ, ಪಾತ್ರೆ ತುಂಬಿ, ತಿಳಿನೀರು ಮೋರಿಗೆ ಹರಿಯಿತು. ಕೊನೆಯ ಮನೆಗೆ ಏರಿದ್ದು ದಾರದಷ್ಟು. ಅಕ್ಕ ಖಾಲಿ ಬಕೆಟ್ ಹಿಡಿದು ಮೋರಿಯನ್ನೇ ನೋಡುತ್ತಿದ್ದಳು.

"ನನ್ನ ಪಾಲಿನದು ಹೋಗ್ತಿದೆಯಲ್ಲೋ."

"ಒಂದು ವಾರ ತಡ್ಕೋ ಅಕ್ಕ."

ಆ ವಾರವಿಡೀ ಅವನೇ ದರ್ಜಿಯ ಮನೆಯಿಂದ ನೀರು ಹೊತ್ತು ಅಕ್ಕನ ಮನೆಗೆ ಹಾಕಿದ. ಊಟ ರುಚಿಸಲಿಲ್ಲ. ಗಳಿಗೆಗೊಮ್ಮೆ ಮೋರಿಗೆ ಇಣುಕಿ, ಯಾರನ್ನು ಬೈಯುವುದೆಂದು ತಿಳಿಯದೆ ಹಲ್ಲು ಕಡಿಯುತ್ತಿದ್ದ.

ಸೋಮವಾರ ಮೊಬೈಲು ಮೂವತ್ತೈದು ನಿಮಿಷ ತೋರಿಸಿತು. ಅಕ್ಕನ ನಲ್ಲಿ ಭರ್ರೆಂದಿತು. ಅವಳು ಹಾಸಿಗೆಯ ಬಟ್ಟೆಗಳನ್ನೆಲ್ಲ ಒಗೆದು ಅಂಗಳದ ತುಂಬ ಹರವಿ, "ಇವತ್ತಾದ್ರೂ ಒಂದು ಕಡೆ ಕೂರು," ಎಂದಳು. ಅವನು ಕೂತ. ಕೂತವನೇ ಮೊಬೈಲನ್ನು ಬೆರಳಿಂದ ಕೆಳಕ್ಕೆ ಸರಿಸಿದ. ಇದರ ಬೆನ್ನಿಗಿರುವ ಹಿಂದಿನ ಓಣಿಗೆ ಮೂವತ್ತು ನಿಮಿಷ ಇದ್ದದ್ದು ಏಳಾಗಿತ್ತು. ಊರಿಗೆಲ್ಲ ಇದ್ದದ್ದು ಒಂದೇ ಟ್ಯಾಂಕು; ಇಲ್ಲಿ ಹೆಚ್ಚಿದ್ದು ಅಲ್ಲಿ ಇಳಿದಿತ್ತು. ಆ ಓಣಿಯವರೂ ಅವನ ಬೈಗುಳ ತಿಂದೇ ಹಿಡಿದು ಬಳಸುವುದನ್ನು ಕಲಿತವರು.

"ಮತ್ತೆಲ್ಲಿಗೆ ಎದ್ದೆ?" ಅಕ್ಕ ಕೇಳಿದಳು.

ಅವನು ಆಗಲೇ ಅಂಗಳ ದಾಟಿದ್ದ. ಹಿಂದಿನ ಓಣಿಯ ಮೊದಲ ಮನೆಯಲ್ಲಿ ಮುದುಕಿಯೊಬ್ಬಳು ನಲ್ಲಿಯ ಕೊನೆಯ ಹನಿಗೆ ಲೋಟ ಹಿಡಿದು ನಿಂತಿದ್ದಳು. ಇವನನ್ನು ಕಂಡು, "ನೋಡಪ್ಪ, ಒಂದು ತೊಟ್ಟೂ ಚೆಲ್ಲಿಲ್ಲ," ಎಂದಳು.

ಕೀಲಿಯಣ್ಣ ಅವಳ ಮುಖ ನೋಡದೆ, ನಾಳೆಯಿಂದ ಚೆಲ್ಲಬೇಕೆಂದು ಹೇಳಿದ.